ತವರೇ ಇಲ್ಲದ ತಂಡಗಳು

ಕರ್ನೂಲು ಜಿಲ್ಲೆಯ ಆಸ್ಪರಿ, ಆಲೂರು, ಹೊಳಗುಂದದ ಕಡೆ ಕಬಡ್ಡಿ ನೋಡುವವರಿಗೆ ಪ್ರತಿ ವರ್ಷ ಒಂದು ಪೀಕಲಾಟ ಕಾದಿರುತ್ತದೆ. ಪ್ರೊ ಕಬಡ್ಡಿ ಲೀಗ್‌ನಲ್ಲಿ ಬೆಂಗಳೂರು ಬುಲ್ಸ್‌ಗೂ ತೆಲುಗು ಟೈಟನ್ಸ್‌ಗೂ ಪಂದ್ಯ ಬಿದ್ದ ದಿನ ಯಾರ ಕಡೆ ಕೂಗುವುದು? ಮನೆಯೊಳಗೆ ಕನ್ನಡ, ಆದೋನಿ ಮಾರ್ಕೆಟ್‌ನಲ್ಲಿ ಎರಡೂ, ಮಂಡಲ ಕಚೇರಿಯಲ್ಲಿ ತೆಲುಗು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಬಳ್ಳಾರಿ ಇತ್ತ ಉಳಿಯಿತು. ಆಸ್ಪರಿಯ ನಂಟಸ್ತಿಕೆ ಮಾತ್ರ ಎರಡೂ ಕಡೆ ಹಾಗೇ ಇದೆ. ಹೆಣ್ಣು ಕೊಟ್ಟದ್ದು ಬಳ್ಳಾರಿ, ಸಿರುಗುಪ್ಪದ ಕಡೆ, ರೇಷನ್ ಕಾರ್ಡು ಕರ್ನೂಲು ಜಿಲ್ಲೆಯದು.

ರೈಡರ್ ಪವನ್ ಸೆಹ್ರಾವತ್ ಈ ಪೀಕಲಾಟವನ್ನು ಇನ್ನಷ್ಟು ಜಟಿಲ ಮಾಡಿದರು. 2018–19ರಲ್ಲಿ ಬುಲ್ಸ್ ಗೆದ್ದ ಏಕೈಕ ಪ್ರಶಸ್ತಿ ಬಹುಪಾಲು ಅವರದ್ದೇ. ಆ ಆವೃತ್ತಿಯಲ್ಲಿ ಅವರು ಗಳಿಸಿದ ರೈಡ್ ಅಂಕಗಳು 271. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಗುಜರಾತ್ ಮುಂದಿದ್ದ ಹೊತ್ತಿನಲ್ಲಿ ಅವರು ಒಂದಾದ ಮೇಲೊಂದು ರೈಡ್ ಮಾಡಿ, ತಂಡದ 38 ಅಂಕಗಳಲ್ಲಿ 22ನ್ನು ತಾವೇ ತಂದರು. ಗುಜರಾತ್ 33ಕ್ಕೆ ನಿಂತಿತು. ಅದೇ ವರ್ಷ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 39 ಅಂಕ. ನೆಗೆದು ಬಂದ ಡಿಫೆಂಡರ್‌ನ ತಲೆಯ ಮೇಲಿಂದ ಹಾರಿ ಮಧ್ಯಗೆರೆ ಮುಟ್ಟುವ ಆ ಪವನ್, ತಮಿಳ್ ತಲೈವಾಸ್‌ಗೆ ಹೋಗಿ, ಗಾಯಗೊಂಡು ಕೂತು, 2023ರ ಹರಾಜಿನಲ್ಲಿ 2.605 ಕೋಟಿ ರೂಪಾಯಿಗೆ ತೆಲುಗು ಟೈಟನ್ಸ್ ಪಾಲಾದರು. ಗಡಿಯ ಹುಡುಗರಿಗೆ ಇದಕ್ಕಿಂತ ಸಲೀಸಾದ ಪರಿಹಾರ ಬೇಕಿರಲಿಲ್ಲ: ಪವನ್ ಎಲ್ಲೋ ಅಲ್ಲೇ ತಾವೂ. ಎರಡು ಆವೃತ್ತಿ ಕಳೆದವು. 2025ರಲ್ಲಿ ಅವರು ಮತ್ತೆ ಚೆನ್ನೈ ತಂಡಕ್ಕೆ ಹೊರಟರು, ಹುಡುಗರು ಮತ್ತೆ ನಡುವೆ ಸಿಕ್ಕಿಕೊಂಡರು.

ಆ 2025ರಲ್ಲೇ, ಹನ್ನೆರಡನೇ ಆವೃತ್ತಿಯ ಪ್ಲೇ ಆಫ್‌ನಲ್ಲಿ, ಬುಲ್ಸ್ ಮತ್ತು ಟೈಟನ್ಸ್ ಎದುರಾದವು. ಹಿಂದಿನ ಸಲ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕೆ ಬಿದ್ದಿದ್ದ ಬುಲ್ಸ್, ಕೋಚ್ ಬಿ.ಸಿ. ರಮೇಶ್ ಬಂದ ಮೇಲೆ, ಇರಾನಿನ ಅಲಿರೆಜಾ ಮಿರ್ಜಾಯಿಯನ್ ಕಾಲಿನ ಬಲದ ಮೇಲೆ, ಎದ್ದು ನಿಂತಿತ್ತು. ಕನ್ನಡ, ತೆಲುಗು ಎರಡನ್ನೂ ಆಡುವ ಸೀಮೆಗೆ ಇದಕ್ಕಿಂತ ದೊಡ್ಡ ಪಂದ್ಯ ಇನ್ನಾವುದಿದ್ದೀತು? ಗೆದ್ದದ್ದು ಟೈಟನ್ಸ್. ಪಂದ್ಯ ನಡೆದದ್ದು ದೆಹಲಿಯಲ್ಲಿ.

ಬೆಂಗಳೂರಲ್ಲ, ಹೈದರಾಬಾದಲ್ಲ, ವಿಶಾಖಪಟ್ಟಣವೂ ಅಲ್ಲ. ಪ್ಲೇ ಆಫ್ ಎಂದರೆ ಹಾಗೇ, ಒಂದೇ ಜಾಗದಲ್ಲಿ ಇಡುತ್ತಾರೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಇಡೀ ಆವೃತ್ತಿಯ ಕಥೆಯೂ ಅದೇ. ಹನ್ನೆರಡು ತಂಡಗಳ ಲೀಗ್ ಆ ವರ್ಷ ಓಡಾಡಿದ್ದು ನಾಲ್ಕು ನಗರಗಳಲ್ಲಿ: ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ತಮ್ಮೂರಿನ ಜನರ ಮುಂದೆ ಆಡುವ ಭಾಗ್ಯ ನಾಲ್ಕು ತಂಡಗಳಿಗೆ. ಉಳಿದ ಎಂಟು ತಂಡಗಳು ಆವೃತ್ತಿ ಪೂರ್ತಿ ಅತಿಥಿಗಳು. 2024ರಲ್ಲಿ ಇನ್ನೂ ಕಡಿಮೆ: ಹೈದರಾಬಾದ್, ನೋಯ್ಡಾ, ಪುಣೆ, ಮುಗಿಯಿತು. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಬುಲ್ಸ್ ಲೀಗ್ ಪಂದ್ಯ ಆಡಿ ಜನರ ಮುಂದೆ ಕೊನೆಯದಾಗಿ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಆಮೇಲಿನ ಎರಡು ಆವೃತ್ತಿಗಳಲ್ಲಿ ಬೆಂಗಳೂರು ಎಂಬುದು ಜೆರ್ಸಿಯ ಮೇಲಿನ ಅಕ್ಷರ.

ಈ ಕಾಯಿಲೆ ಹೊಸದೂ ಅಲ್ಲ. 2017ರಲ್ಲಿ ಬುಲ್ಸ್ ತಂಡದ ‘ತವರು’ ಪಂದ್ಯಗಳು ನಡೆದದ್ದು ನಾಗಪುರದಲ್ಲಿ. 2018ರಲ್ಲಿ ಪುಣೆಯಲ್ಲಿ. ಕ್ವಾಲಿಫೈಯರ್ ಕೊಚ್ಚಿಯಲ್ಲಿ, ಫೈನಲ್ ಮುಂಬೈಯಲ್ಲಿ. ಅಂದರೆ ಬೆಂಗಳೂರಿನ ತಂಡ ಬೆಂಗಳೂರಿನಲ್ಲಿ ಒಂದೂ ಪಂದ್ಯ ಆಡದೆ ಚಾಂಪಿಯನ್ ಆಯಿತು! ಇದನ್ನು ಸಾಧನೆ ಅನ್ನಬೇಕೋ ವಿಡಂಬನೆ ಅನ್ನಬೇಕೋ ತಿಳಿಯದು. 2021ರ ಕೊನೆಗೆ ಇಡೀ ಲೀಗೇ ಬೆಂಗಳೂರಿಗೆ ಬಂತು, ಕೋವಿಡ್ ಕಾಲ. ವೈಟ್‌ಫೀಲ್ಡ್‌ನ ಹೋಟೆಲೊಂದರೊಳಗೆ ಪಂದ್ಯಗಳು, ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಆಟ ಊರಿಗೆ ಬಂದಾಗ ಜನರಿಲ್ಲ, ಜನ ಬರಬಹುದಾದಾಗ ಆಟವಿಲ್ಲ.

ಇಲ್ಲೇ ಆಸ್ಟ್ರೇಲಿಯಾದ ಕಡೆ ಒಮ್ಮೆ ನೋಡಬೇಕು. ಕಬಡ್ಡಿಯ ಹಾಗೆಯೇ ಮೈಗೆ ಮೈ ತಾಗಿಸಿ ಆಡುವ, ಹೆಚ್ಚೂಕಡಿಮೆ ಒಂದೇ ದೇಶದ ಸ್ವಂತ ಆಟವೊಂದು ಅಲ್ಲಿದೆ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಅಲ್ಲಿಯವರ ಬಾಯಲ್ಲಿ ‘ಫುಟಿ’. ಇದರ ನಿಯಮಗಳನ್ನು ಮೆಲ್ಬರ್ನ್‌ನಲ್ಲಿ ಬರೆದದ್ದು 1859ರಲ್ಲಿ. ಮೊಟ್ಟೆಯಾಕಾರದ ದೊಡ್ಡ ಮೈದಾನ, ಒಂದೊಂದು ಕಡೆ 18 ಜನ, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಒದ್ದರೆ ಗೋಲು, ಆರು ಅಂಕ. ಪಕ್ಕದ ಕಂಬದ ಸಂದಿಯಲ್ಲಿ ಹೋದರೆ ಒಂದೇ ಅಂಕ. ಹೊಡೆಯುವುದರಲ್ಲಿ ತಪ್ಪಿದವನಿಗೂ ಏನೋ ಒಂದು ಸಿಗುತ್ತದೆ. ಬೋನಸ್ ಗೆರೆ ದಾಟಿ ಓಡಿಬರುವ ರೈಡರ್‌ನಿಗೆ ಇದು ಅರ್ಥವಾಗುವ ಲೆಕ್ಕ.

ಈ ಆಟದ ಉನ್ನತ ಲೀಗ್ ಎಎಫ್‌ಎಲ್. 18 ತಂಡಗಳು, ಮಾರ್ಚ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಆವೃತ್ತಿ, ಪ್ರತಿ ತಂಡಕ್ಕೆ 23 ಲೀಗ್ ಪಂದ್ಯ. ಅದರಲ್ಲಿ ಸುಮಾರು ಅರ್ಧ ತಮ್ಮ ತಮ್ಮ ಮೈದಾನದಲ್ಲಿ, ಇನ್ನರ್ಧ ಎದುರಾಳಿಯ ಮೈದಾನದಲ್ಲಿ. ಇಷ್ಟು ಸಾಮಾನ್ಯವಾದ ವ್ಯವಸ್ಥೆಯನ್ನು ಹೇಳಬೇಕಾಗಿ ಬಂದಿರುವುದೇ ನಮ್ಮ ಕಬಡ್ಡಿಯ ಸ್ಥಿತಿ. 2024ರಲ್ಲಿ ಎಎಫ್‌ಎಲ್ ಪಂದ್ಯಗಳಿಗೆ ಬಂದವರು 80 ಲಕ್ಷಕ್ಕೂ ಮೀರಿದ ಜನ; ಅಲ್ಲಿನ ಒಟ್ಟು ಜನಸಂಖ್ಯೆ ಕರ್ನಾಟಕದ ಅರ್ಧಕ್ಕಿಂತ ಕಡಿಮೆ.

2025ರ ಆವೃತ್ತಿಯನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 27ರ ಶನಿವಾರ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಲಕ್ಷ ಜನರ ಮುಂದೆ ಬ್ರಿಸ್ಬೇನ್ ಲಯನ್ಸ್ ತಂಡ ಜೀಲಾಂಗ್ ತಂಡವನ್ನು 122–75ರಿಂದ ಸೋಲಿಸಿ ಸತತ ಎರಡನೇ ಸಲ ಚಾಂಪಿಯನ್ ಆಯಿತು. ಮೂರು ವಾರ ಮುಂಚೆ ಇದೇ ಜೀಲಾಂಗ್ ಕೈಯಲ್ಲಿ ಬ್ರಿಸ್ಬೇನ್ 38 ಅಂಕಗಳಿಂದ ಸೋತಿತ್ತು. ಆದರೆ ಲೀಗ್‌ನಲ್ಲಿ ಮೊದಲ ನಾಲ್ಕರೊಳಗೆ ಬಂದವರಿಗೆ ಒಂದು ಸೋಲು ಮಾಫಿ. ಆ ಮಾಫಿಯಲ್ಲಿ ಅದು ಗೋಲ್ಡ್ ಕೋಸ್ಟ್, ಕಾಲಿಂಗ್‌ವುಡ್ ಎರಡನ್ನೂ ದಾಟಿ ಫೈನಲ್‌ಗೆ ಬಂತು. ಲೀಗ್‌ನಲ್ಲಿ ಅಗ್ರಸ್ಥಾನ ಪಡೆದಿದ್ದ ಅಡಿಲೇಡ್ ಮಾತ್ರ ಸತತ ಎರಡು ಪಂದ್ಯ ಸೋತು ಮನೆಗೆ ಹೋಯಿತು. 1983ರ ನಂತರ ಮೊದಲ ಸ್ಥಾನದ ತಂಡಕ್ಕೆ ಹೀಗಾದದ್ದು ಇದೇ ಮೊದಲು.

ಆ ಫೈನಲ್‌ನ ಶ್ರೇಷ್ಠ ಆಟಗಾರ ವಿಲ್ ಆಶ್‌ಕ್ರಾಫ್ಟ್. 2024ರ ಫೈನಲ್‌ನಲ್ಲೂ ಅವನೇ. ಅವನ ತಮ್ಮ ಲೆವಿಯೂ 2025ರ ತಂಡದಲ್ಲಿದ್ದ. ಅವರಪ್ಪ ಮಾರ್ಕಸ್ ಆಶ್‌ಕ್ರಾಫ್ಟ್ ಇದೇ ಬ್ರಿಸ್ಬೇನ್‌ಗೆ ಆಡಿ 2001, 2002, 2003ರಲ್ಲಿ ಕಪ್ ಎತ್ತಿದವರು. ಇದು ಬರೀ ಕಾಕತಾಳೀಯ ಅಲ್ಲ. ಒಂದು ಕ್ಲಬ್‌ಗೆ ಅಪ್ಪ ನೂರು ಪಂದ್ಯ ಆಡಿದ್ದರೆ ಮಗನನ್ನು ಆಯ್ದುಕೊಳ್ಳುವ ಮೊದಲ ಹಕ್ಕು ಆ ಕ್ಲಬ್‌ಗೆ ಎಂಬ ನಿಯಮವೇ ಅಲ್ಲಿದೆ. ಅನ್ಯಾಯ ಅನ್ನುವವರು ಅಲ್ಲೂ ಇದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ: ಒಳ್ಳೆಯ ಮಕ್ಕಳನ್ನು ಹೆತ್ತ ಕ್ಲಬ್‌ಗೆ ಮೇಲುಗೈ. ಆದರೂ ಲೀಗ್ ಆ ನಿಯಮವನ್ನು ಕೈಬಿಟ್ಟಿಲ್ಲ, ಅದರ ಬೆಲೆಯನ್ನು ಅಷ್ಟಿಷ್ಟು ಹೆಚ್ಚಿಸುತ್ತ ಬಂದಿದೆ. ಹರಾಜಿನ ಲೆಕ್ಕಕ್ಕೆ ಸಿಗದ ನಂಟೊಂದು ಉಳಿಯಲಿ ಎಂಬುದೇ ಅದರ ಉದ್ದೇಶ.

ಎಎಫ್‌ಎಲ್‌ಗೂ ದುಡ್ಡಿನ ಆಸೆ ಇಲ್ಲವೆಂದಲ್ಲ. 2025ರಿಂದ 2031ರವರೆಗಿನ ಪ್ರಸಾರ ಹಕ್ಕು 450 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಮಾರಾಟವಾಗಿದೆ. ದುಡ್ಡಿಗಾಗಿ ಊರುಗಳನ್ನು ಕಿತ್ತ ಪಾಪವೂ ಆ ಆಟದ ಮೇಲಿದೆ. 1982ರಲ್ಲಿ ಸೌತ್ ಮೆಲ್ಬರ್ನ್ ತಂಡವನ್ನು ಎತ್ತಿ ಸಿಡ್ನಿಗೆ ಕಳಿಸಿದರು. ಆ ಬೆಂಬಲಿಗರಿಗೆ ಮತ್ತೆ ಕಪ್ ಕಾಣಲು 2005ರವರೆಗೆ ಕಾಯಬೇಕಾಯಿತು, ಅದಕ್ಕೂ ಹಿಂದಿನ ಗೆಲುವು 1933ರದು. 1989ರಲ್ಲಿ ಫುಟ್‌ಸ್ಕ್ರೇ ತಂಡವನ್ನು ಫಿಟ್ಜ್‌ರಾಯ್ ಜೊತೆ ವಿಲೀನ ಮಾಡಲು ಹೊರಟಾಗ ಆ ಬಡಾವಣೆಯ ಕೂಲಿಕಾರರು, ಅಂಗಡಿಯವರು ಚಂದಾ ಎತ್ತಿ ತಂಡ ಉಳಿಸಿಕೊಂಡರು. ಅದೇ ತಂಡ, ವೆಸ್ಟರ್ನ್ ಬುಲ್‌ಡಾಗ್ಸ್ ಎಂಬ ಹೆಸರಿನಲ್ಲಿ, 2016ರಲ್ಲಿ ಚಾಂಪಿಯನ್ ಆಯಿತು. ಫಿಟ್ಜ್‌ರಾಯ್‌ಗೆ ಆ ಅದೃಷ್ಟ ಇರಲಿಲ್ಲ. 1996ರಲ್ಲಿ ಅದನ್ನು ಬ್ರಿಸ್ಬೇನ್ ಜೊತೆ ಸೇರಿಸಿದರು. ಇಂದಿನ ಬ್ರಿಸ್ಬೇನ್ ತಂಡದ ಸಿಂಹ ಫಿಟ್ಜ್‌ರಾಯ್‌ನದು, ಗೆದ್ದ ಮೇಲೆ ಆಟಗಾರರು ಹೆಗಲ ಮೇಲೆ ಕೈಹಾಕಿ ಹಾಡುವ ಹಾಡಿನ ಧಾಟಿಯೂ ಫಿಟ್ಜ್‌ರಾಯ್‌ನದೇ. ಊರನ್ನು ಕಿತ್ತಾಗ ಜನ ಸುಮ್ಮನಿರಲಿಲ್ಲ. ಅದಕ್ಕೇ ಹಾಡು ಉಳಿಯಿತು.

ಬುಲ್ಸ್ ಪುಣೆಗೆ ಹೋದಾಗ ಇಲ್ಲಿ ಯಾರಾದರೂ ಬೀದಿಗಿಳಿದರೇ? ಇಲ್ಲ. ದೂರುವುದೂ ಸರಿಯಲ್ಲ. ಇಳಿಯುವಷ್ಟು ನಂಟು ಬೆಳೆಯಲು ತಂಡ ಬಿಟ್ಟಿದ್ದರೆ ತಾನೇ?

ಕಬಡ್ಡಿಯ ಬೇರು ಎಲ್ಲಿದೆ ಎಂಬುದು ಆಸ್ಪರಿಯಂಥ ಊರಿನಲ್ಲಿ ಕಣ್ಣಿಗೆ ಕಾಣುತ್ತದೆ. ಸಂಕ್ರಾಂತಿ, ಉಗಾದಿ, ಊರ ಜಾತ್ರೆ ಬಂತೆಂದರೆ ಶಾಲೆಯ ಬಯಲಿನಲ್ಲೋ ಕಣದಲ್ಲೋ ಎರೆಮಣ್ಣಿನ ಹೆಂಟೆ ಒಡೆದು, ನೀರು ಚಿಮುಕಿಸಿ, ಮೇಲೆ ಹಳ್ಳದ ಮರಳು ಹರಡುತ್ತಾರೆ. ಸುಣ್ಣದ ಪುಡಿಯಲ್ಲಿ ಗೆರೆ. ಟ್ಯೂಬ್‌ಲೈಟ್ ಕಟ್ಟಲು ನಾಲ್ಕು ಬಿದಿರು. ಮೈಕಿನವನು ಅಂಕ ಹೇಳುವುದು ತೆಲುಗಿನಲ್ಲಿ, ಗೇಲಿ ಮಾಡುವುದು ಕನ್ನಡದಲ್ಲಿ. ಮೊದಲ ಬಹುಮಾನದ ದುಡ್ಡು ಊರ ದೊಡ್ಡವರೊಬ್ಬರದು, ಶೀಲ್ಡು ಇನ್ನೊಬ್ಬರದು, ಇಬ್ಬರ ಹೆಸರೂ ಫ್ಲೆಕ್ಸಿನಲ್ಲಿ. ರೈಡರ್ ಬರಿಗಾಲಲ್ಲಿ ಹೋಗುತ್ತಾನೆ, ಬೆರಳ ಸಂದಿಯಲ್ಲಿ ಮಣ್ಣು ಮೆತ್ತಿ ಹಿಡಿತ ಸಿಗುತ್ತದೆ. ಕಾರ್ನರ್‌ನವನು ಕಣಕಾಲಿಗೆ ಬಿದ್ದರೆ ಮೊಣಕೈ ತರಚುತ್ತದೆ. ಇದೇ ಹುಡುಗನನ್ನು ಜಿಲ್ಲಾ ಆಯ್ಕೆಗೆ ಕರೆದೊಯ್ದು ಮ್ಯಾಟ್ ಮೇಲೆ ಬೂಟು ಹಾಕಿಸಿ ನಿಲ್ಲಿಸಿದರೆ ಮೊದಲ ಎರಡು ರೈಡ್‌ಗಳಲ್ಲೇ ತಡಬಡಾಯಿಸುತ್ತಾನೆ. ಮಣ್ಣಿನಲ್ಲಿ ಜಾರಿ ತಿರುಗುವ ಕಾಲು ಮ್ಯಾಟಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ಮಂಡಿ ಉಳುಕುತ್ತದೆ. ಮಣ್ಣಿನ ಕಬಡ್ಡಿಗೂ ಟಿವಿಯ ಕಬಡ್ಡಿಗೂ ನಡುವೆ ಬಿದ್ದಿರುವ ಕಂದಕ ಇಷ್ಟೇ ಅಗಲ: 13 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಮ್ಯಾಟು.

ಊರೂರಿನ ಪೈಪೋಟಿ ಈ ಸೀಮೆಗೆ ಯಾರೂ ಕಲಿಸಬೇಕಿಲ್ಲ. ಹೊಳಗುಂದ ಮಂಡಲದ ದೇವರಗುಡ್ಡದಲ್ಲಿ ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವ ಮೂರ್ತಿಗಾಗಿ ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು ಒಂದು ಕಡೆ, ಸುತ್ತಲಿನ ಊರವರು ಇನ್ನೊಂದು ಕಡೆ ನಿಂತು ದೊಣ್ಣೆ ಬೀಸುತ್ತಾರೆ. ಪೊಲೀಸರು ಎಷ್ಟು ತಡೆದರೂ ವರ್ಷ ವರ್ಷ ತಲೆ ಒಡೆಯುತ್ತವೆ. ಅದನ್ನು ಹೊಗಳುವ ಮಾತಲ್ಲ ಇದು. ಆ ರಕ್ತ ಯಾರಿಗೂ ಬೇಕಿಲ್ಲ. ಆದರೆ ‘ನಮ್ಮೂರು’ ಎಂಬ ಮಾತಿಗೆ ಇಷ್ಟು ಕಾವು ಇರುವ ಜಾಗದಲ್ಲಿ ಒಂದು ವೃತ್ತಿಪರ ಲೀಗ್‌ಗೆ ಅಭಿಮಾನಿಗಳನ್ನು ಹುಡುಕುವ ಕಷ್ಟವೇ ಇಲ್ಲ.

ಲೀಗ್‌ಗೆ ಅಭಿಮಾನಿಗಳು ಸಿಕ್ಕಿಯೇ ಇಲ್ಲ ಎಂದರೆ ತಪ್ಪಾದೀತು. 2014ರ ಮೊದಲ ಆವೃತ್ತಿಯನ್ನು ಟಿವಿಯಲ್ಲಿ ನೋಡಿದವರು 43.5 ಕೋಟಿ ಎಂದು ಲೆಕ್ಕ ಹಾಕಲಾಯಿತು, ಐಪಿಎಲ್ ಬಿಟ್ಟರೆ ದೇಶದಲ್ಲಿ ಅದೇ ಹೆಚ್ಚು. ಹರಿಯಾಣದ ಹಳ್ಳಿಯ ಹುಡುಗನಿಗೆ ಕೋಟಿ ರೂಪಾಯಿ ಸಿಗುವಂತಾಯಿತು. ಮೂವತ್ತು ಸೆಕೆಂಡಿನ ರೈಡ್, ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದು ಡೂ ಆರ್ ಡೈ, ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಸೂಪರ್ ಟ್ಯಾಕಲ್: ಹಳೆಯ ಆಟಕ್ಕೆ ಹೊಸ ಓಟ ತಂದ ಈ ಬದಲಾವಣೆಗಳೆಲ್ಲ ಜಾಣತನದವೇ. ಕನ್ನಡದಲ್ಲೇ ವೀಕ್ಷಕ ವಿವರಣೆ ಬಂತು, ‘ಫುಲ್ ಚಾರ್ಜ್ ಮಗಾ’ ಎಂಬ ಬುಲ್ಸ್ ಘೋಷಣೆ ಹಳ್ಳಿ ಹುಡುಗರ ಬಾಯಿಗೂ ಹತ್ತಿತು. ಆದರೆ ಆ ಮಗಾ ಯಾವ ಊರಲ್ಲಿ ಚಾರ್ಜ್ ಆಗಬೇಕು ಎಂಬುದನ್ನು ಲೀಗ್ ಯೋಚಿಸಿದ ಹಾಗಿಲ್ಲ. ಲೀಗ್ ನಡೆಸುವ ಮಶಾಲ್ ಸ್ಪೋರ್ಟ್ಸ್‌ನ ಹೆಚ್ಚಿನ ಪಾಲು 2015ರಲ್ಲೇ ಪಂದ್ಯಗಳ ಪ್ರಸಾರಕ ಸ್ಟಾರ್ ಸಂಸ್ಥೆಯ ಕೈಗೆ ಹೋಯಿತು. ಪ್ರಸಾರಕನೇ ಯಜಮಾನನಾದರೆ ಕ್ರೀಡಾಂಗಣ ಸ್ಟುಡಿಯೋ ಆಗುವುದು ಸಹಜ. ಕ್ಯಾಮೆರಾ, ಲೈಟು, ಮ್ಯಾಟು ಒಂದೇ ಕಡೆ ಇಟ್ಟರೆ ಖರ್ಚು ಕಡಿಮೆ, ಹನ್ನೆರಡು ಊರು ಸುತ್ತಿದರೆ ಖರ್ಚು ಹೆಚ್ಚು. ಲೆಕ್ಕ ಸರಿಯೇ. 2023ರಲ್ಲಿ ಹನ್ನೆರಡೂ ಊರು ಸುತ್ತಿ ತೋರಿಸಿದ ಅದೇ ಲೀಗ್ ಮರುವರ್ಷವೇ ಮೂರಕ್ಕೆ ಇಳಿದದ್ದು ಬೇರೆ ಯಾವ ಕಾರಣಕ್ಕೂ ಇರಲಾರದು.

ಒಪ್ಪಬೇಕಾದ ಇನ್ನೊಂದು ಮಾತೆಂದರೆ, ಆಟಗಾರರ ವಿಷಯದಲ್ಲೂ ಊರಿನ ನಂಟು ತೆಳುವೇ. ಬುಲ್ಸ್ ಕಪ್ ಗೆದ್ದ ವರ್ಷ ನಾಯಕ ರೋಹಿತ್ ಕುಮಾರ್, ತಾರೆ ಪವನ್, ಕೋಚ್ ರಣಧೀರ್ ಸಿಂಗ್ ಸೆಹ್ರಾವತ್, ಮೂವರೂ ದೆಹಲಿ ಸುತ್ತಮುತ್ತಲಿನವರು. ಅತ್ತ ಕರ್ನಾಟಕದ ಸುಕೇಶ್ ಹೆಗ್ಡೆ ಒಂದು ಆವೃತ್ತಿಯಲ್ಲಿ ಗುಜರಾತ್ ನಾಯಕ, ಪ್ರಶಾಂತ್ ಕುಮಾರ್ ರೈ ಇನ್ನೊಂದರಲ್ಲಿ ಪಟ್ನಾ ನಾಯಕ. ಕನ್ನಡಿಗ ಬಿ.ಸಿ. ರಮೇಶ್ ಮುಖ್ಯ ಕೋಚ್ ಆಗಿ ಕಪ್ ಗೆಲ್ಲಿಸಿದ್ದು 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ. ಆಮೇಲೆಯೇ ಬುಲ್ಸ್ ಅವರನ್ನು ಮುಖ್ಯ ಕೋಚ್ ಆಗಿ ಮನೆಗೆ ಕರೆದದ್ದು. ಪ್ರತಿಭೆಗೆ ಗಡಿ ಹಾಕಬೇಕೆಂದಲ್ಲ. ಮಿರ್ಜಾಯಿಯನ್ ಇಲ್ಲದ ಬುಲ್ಸ್ ಅನ್ನು ಈಗ ಯಾರೂ ಬಯಸುವುದಿಲ್ಲ. ಆದರೆ ಒಂದು ತಂಡದ ಹದಿನೆಂಟು ಇಪ್ಪತ್ತು ಜನರಲ್ಲಿ ಮೂವರಾದರೂ ತಂಡದ ಹೆಸರಿನ ಸೀಮೆಯವರಿರಲಿ ಎಂಬ ನಿಯಮ ಕಷ್ಟದ್ದೇನಲ್ಲ. ಹರಾಜಿನ ಹೊರಗೆ ಹೊಸ ಯುವ ಆಟಗಾರರನ್ನು ಸೇರಿಸಿಕೊಳ್ಳುವ ಅವಕಾಶ ಈಗಲೂ ಇದೆ. ಅದಕ್ಕೆ ಊರಿನ ಷರತ್ತೊಂದನ್ನು ಜೋಡಿಸಿದರೆ ಸಾಕು. ಸೀಮೆ ಎಂದಾಗ ರಾಜ್ಯದ ನಕ್ಷೆಯನ್ನೇ ಹಿಡಿಯಬೇಕಿಲ್ಲ. ಆಲೂರಿನ ಹುಡುಗ ಬುಲ್ಸ್‌ಗೂ ಸಲ್ಲಲಿ, ಟೈಟನ್ಸ್‌ಗೂ ಸಲ್ಲಲಿ.

ಹೆಣ್ಣುಮಕ್ಕಳ ವಿಷಯ ಎತ್ತಿದರೆ ಲೀಗ್ ಮುಖ ಮರೆಸಿಕೊಳ್ಳಬೇಕಾಗುತ್ತದೆ. ಕಾರ್ಕಳದ ಕಡೆಯ ಮಮತಾ ಪೂಜಾರಿ ಅರ್ಜುನ ಪ್ರಶಸ್ತಿ ಪಡೆದವರು, ತೇಜಸ್ವಿನಿ ಬಾಯಿ ಕೂಡ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಕರಾವಳಿಯ ಧನಲಕ್ಷ್ಮಿ ಪೂಜಾರಿ ಇದ್ದರು. ಪ್ರೊ ಕಬಡ್ಡಿಯವರು 2016ರಲ್ಲಿ ಮೂರು ತಂಡಗಳ ಮಹಿಳಾ ಚಾಲೆಂಜ್ ಒಂದನ್ನು ನಡೆಸಿ ಕೈತೊಳೆದುಕೊಂಡರು. ಎಎಫ್‌ಎಲ್ 2017ರಲ್ಲಿ ಮಹಿಳಾ ಲೀಗ್ ಶುರುಮಾಡಿತು, ಈಗ ಅದರಲ್ಲಿ 18 ಕ್ಲಬ್‌ಗಳ ತಂಡಗಳೂ ಇವೆ.

ಆಸ್ಪರಿಯಂಥ ಕಡೆ ದೊಡ್ಡ ಪಂದ್ಯ ನಡೆಸುವುದು ಆಗುವ ಮಾತೇ ಎಂದು ಕೇಳುವವರು ಆಲಿಸ್ ಸ್ಪ್ರಿಂಗ್ಸ್ ನೋಡಬೇಕು. ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿಯ ಊರು, ಜನ ಸುಮಾರು 25 ಸಾವಿರ, ಅವರಲ್ಲಿ ಮೂಲನಿವಾಸಿಗಳು ಬಹಳ. ಮೆಲ್ಬರ್ನ್ ತಂಡ ವರ್ಷಕ್ಕೊಂದು ಲೀಗ್ ಪಂದ್ಯವನ್ನು ಅಲ್ಲಿನ ಟ್ರೇಗರ್ ಪಾರ್ಕಿಗೆ ಒಯ್ಯುತ್ತ ಬಂದಿದೆ. ಡಾರ್ವಿನ್, ಬ್ಯಾಲರಾಟ್, ಲಾನ್ಸೆಸ್ಟನ್‌ಗಳಲ್ಲೂ ಲೀಗ್ ಪಂದ್ಯಗಳು ನಡೆದಿವೆ. ಒಂದೇ ಕಡೆ ಎಲ್ಲ ಪಂದ್ಯ ಸೇರಿಸುವ ಖಯಾಲಿ ಅವರಿಗೂ ಬಂತು. 2023ರಿಂದ ಏಪ್ರಿಲ್‌ನಲ್ಲಿ ಒಂದು ವಾರ ಹದಿನೆಂಟೂ ತಂಡಗಳು ಅಡಿಲೇಡ್ ಸುತ್ತ ಸೇರುತ್ತವೆ. ಆದರೆ ಅದು ಒಂದೇ ವಾರ. 2025ರಲ್ಲಿ ಆ ವಾರದ ಒಂದು ಪಂದ್ಯ ಬರೋಸಾ ಕಣಿವೆಯ ದ್ರಾಕ್ಷಿತೋಟಗಳ ನಡುವಿನ ಲಿಂಡಾಕ್ ಎಂಬ ಪುಟ್ಟ ಊರಿಗೂ ಹೋಯಿತು. ನಮ್ಮ ಲೀಗ್ ಆ ಒಂದು ವಾರದ ಜಾತ್ರೆಯನ್ನೇ ಎಳೆದು ಇಡೀ ಆವೃತ್ತಿ ಮಾಡಿಕೊಂಡಿದೆ.

ಆದೋನಿಯ ಜನಸಂಖ್ಯೆ 2011ರಲ್ಲೇ ಒಂದೂವರೆ ಲಕ್ಷ ದಾಟಿತ್ತು. ಹತ್ತಿಯ ಮಂಡಿ, ಮುಂಬೈ–ಚೆನ್ನೈ ರೈಲು ಮಾರ್ಗ, ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ರಾಯಚೂರು. ಫುಟಿಗೆ ಬೇಕಾದಂತೆ ನೂರೈವತ್ತು ಮೀಟರಿನ ಹುಲ್ಲು ಮೈದಾನ ಕಬಡ್ಡಿಗೆ ಬೇಡ. ಮ್ಯಾಟಿನ ತುಂಡುಗಳು ಲಾರಿಯಲ್ಲಿ ಬರುತ್ತವೆ, ಜೋಡಿಸಲು ಒಂದು ದಿನ ಸಾಕು. ಸರ್ಕಾರಕ್ಕೂ ಇದು ಹೊಸದೇನಲ್ಲ: 2023ರ ಡಿಸೆಂಬರ್‌ನಲ್ಲಿ ಆಂಧ್ರ ಸರ್ಕಾರ ‘ಆಡುದಾಂ ಆಂಧ್ರ’ ಎಂದು ಗ್ರಾಮ ಸಚಿವಾಲಯದ ಮಟ್ಟದಿಂದ ಕಬಡ್ಡಿ, ಕೊಕ್ಕೊ, ಕ್ರಿಕೆಟ್ ಪಂದ್ಯಗಳನ್ನು ನಡೆಸಿ 2024ರ ಫೆಬ್ರವರಿಯಲ್ಲಿ ವಿಶಾಖಪಟ್ಟಣದಲ್ಲಿ ಫೈನಲ್ ಆಡಿಸಿತು. ಸರ್ಕಾರ ಬದಲಾಯಿತು, ಅಕ್ರಮದ ದೂರು ಎದ್ದವು, ಕಾರ್ಯಕ್ರಮ ನಿಂತಿತು. ಗ್ರಾಮದಿಂದ ರಾಜ್ಯದವರೆಗೆ ಒಂದು ಏಣಿ ಹಾಕಬಹುದು ಎಂಬುದಷ್ಟು ಅದರಿಂದ ಗೊತ್ತಾಯಿತು. ಆ ಏಣಿಯ ತುದಿಯಲ್ಲಿ ಲೀಗ್ ತಂಡವೊಂದು ಕೈಚಾಚಿ ನಿಂತಿರಲಿಲ್ಲ, ಅಷ್ಟೇ.

ಜನ ದುಡ್ಡು ಕೊಡುತ್ತಾರೆಯೇ ಎಂಬ ಅನುಮಾನಕ್ಕೆ ಟಾಸ್ಮೇನಿಯಾ ಉತ್ತರ. ಆ ದ್ವೀಪದ ಜನಸಂಖ್ಯೆ ಆರು ಲಕ್ಷದೊಳಗೆ. ದಶಕಗಳ ಕಾಲ ಒಳ್ಳೆಯ ಆಟಗಾರರನ್ನು ಕೊಟ್ಟರೂ ಸ್ವಂತ ತಂಡ ಸಿಕ್ಕಿರಲಿಲ್ಲ. ಮೆಲ್ಬರ್ನ್‌ನ ಕ್ಲಬ್‌ಗಳು ಬಂದು ವರ್ಷಕ್ಕೆ ಕೆಲವು ಪಂದ್ಯ ಆಡಿ, ಅಲ್ಲಿನ ಸರ್ಕಾರದಿಂದ ದುಡ್ಡು ಪಡೆದು ಹೋಗುತ್ತಿದ್ದವು. 2023ರ ಮೇ ತಿಂಗಳಲ್ಲಿ 19ನೇ ತಂಡದ ಪರವಾನಗಿ ಸಿಕ್ಕಿತು, ಆಟ 2028ರಿಂದ. 2024ರಲ್ಲಿ ಹತ್ತು ಡಾಲರಿಗೆ ಸ್ಥಾಪಕ ಸದಸ್ಯತ್ವ ಎಂದು ಬಾಗಿಲು ತೆರೆದರೆ ಸದಸ್ಯರ ಸಂಖ್ಯೆ ಎರಡು ಲಕ್ಷ ದಾಟಿತು. ಒಂದು ಪಂದ್ಯ ಆಡಿಲ್ಲ, ಒಬ್ಬ ಆಟಗಾರ ಇಲ್ಲ, ಕ್ರೀಡಾಂಗಣದ ಖರ್ಚಿನ ಬಗ್ಗೆ ದ್ವೀಪವೇ ಎರಡಾಗಿ ಜಗಳಾಡುತ್ತಿತ್ತು. ಆದರೂ ಜನ ಸಾಲು ನಿಂತರು. ಬುಲ್ಸ್ ಹನ್ನೆರಡು ಆವೃತ್ತಿ ಆಡಿದೆ. ನೂರು ರೂಪಾಯಿ ಕೊಟ್ಟು ಅದರ ಸದಸ್ಯನಾಗಿ, ವರ್ಷಕ್ಕೊಮ್ಮೆ ಒಂದು ಮತ ಹಾಕಿ, ತವರು ಪಂದ್ಯಕ್ಕೆ ಮೊದಲ ಟಿಕೆಟು ಪಡೆಯುವ ದಾರಿ ಹೊಸಪೇಟೆಯವನಿಗೂ ಇರಬೇಕು, ಆಸ್ಪರಿಯವನಿಗೂ ಇರಬೇಕು. ಕಾಲಿಂಗ್‌ವುಡ್‌ನಂಥ ಒಂದೇ ಕ್ಲಬ್‌ಗೆ ಲಕ್ಷ ಮೀರಿ ಸದಸ್ಯರಿದ್ದಾರೆ. ಅವರು ಟಿವಿ ನೋಡುವುದನ್ನು ಬಿಟ್ಟ ಜನರೇನಲ್ಲ.

ಎಎಫ್‌ಎಲ್‌ನಲ್ಲಿ ಎಲ್ಲವೂ ನೆಟ್ಟಗಿದೆ ಎಂದು ಯಾರೂ ಹೇಳಲಾರರು. ಜೀಲಾಂಗ್‌ಗೆ 40 ಸಾವಿರ ಜನ ಹಿಡಿಸುವ ಸ್ವಂತ ಮೈದಾನವಿದ್ದರೂ ಅದರ ಪ್ಲೇ ಆಫ್ ಪಂದ್ಯಗಳನ್ನು ಮೆಲ್ಬರ್ನ್‌ಗೆ ಒಯ್ಯುತ್ತಾರೆ. ಗ್ರ್ಯಾಂಡ್ ಫೈನಲ್ 2059ರವರೆಗೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲೇ ಎಂಬ ಒಪ್ಪಂದವಿದೆ. ಪರ್ತ್, ಅಡಿಲೇಡ್, ಬ್ರಿಸ್ಬೇನ್‌ನವರು ವರ್ಷ ವರ್ಷ ಅದನ್ನೇ ಹೇಳಿ ಕೊಸರಾಡುತ್ತಾರೆ. ಕೊಸರಾಡಲು ಅವರಿಗೆ ಹಕ್ಕಿದೆ, ಯಾಕೆಂದರೆ ಉಳಿದ ಆರು ತಿಂಗಳು ತಂಡ ಅವರ ಊರಲ್ಲೇ ಇರುತ್ತದೆ.

ಹದಿಮೂರನೇ ಆವೃತ್ತಿಗೆ ಬುಲ್ಸ್ ಮತ್ತು ಟೈಟನ್ಸ್ ಮಾಲೀಕರು ಒಂದು ಸಣ್ಣ ಕೆಲಸದಿಂದ ಶುರುಮಾಡಬಹುದು. ಪರಸ್ಪರ ಆಡುವ ಲೀಗ್ ಪಂದ್ಯಗಳಲ್ಲಿ ಒಂದು ಬೆಂಗಳೂರಿನಲ್ಲಿ, ಒಂದು ಹೈದರಾಬಾದ್‌ನಲ್ಲೋ ವಿಶಾಖಪಟ್ಟಣದಲ್ಲೋ ನಡೆಯಲಿ ಎಂದು ಪಟ್ಟು ಹಿಡಿಯಲಿ. ಆವೃತ್ತಿಗೆ ಮುಂಚಿನ ಅಭ್ಯಾಸ ಪಂದ್ಯವೊಂದನ್ನು ಗಡಿಗೆ ತರಲಿ, ಬಳ್ಳಾರಿಯಲ್ಲಾದರೂ ಸರಿ, ಆದೋನಿಯಲ್ಲಾದರೂ ಸರಿ. ದಿನ ಗೊತ್ತುಮಾಡುವಾಗ ಈ ಸೀಮೆಯ ಒಂದು ಲೆಕ್ಕ ನೆನಪಿರಲಿ. ಮಳೆ ಕೈಕೊಟ್ಟ ವರ್ಷ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರಿಗೆ, ಗಾರೆ ಕೆಲಸಕ್ಕೆ ಬೆಂಗಳೂರಿಗೆ ಇಲ್ಲಿನ ಊರುಗಳು ಗುಳೆ ಹೋಗುತ್ತವೆ. ಮನೆಗೆ ಬೀಗ ಬಿದ್ದ ತಿಂಗಳುಗಳಲ್ಲಿ ಮ್ಯಾಟು ಹಾಸಿದರೆ ನೋಡಲು ಮುದುಕರಷ್ಟೇ ಇರುತ್ತಾರೆ. ಉಗಾದಿಗೆ ಎಲ್ಲರೂ ಮರಳುತ್ತಾರೆ, ಮುಂಗಾರು ಬಿತ್ತನೆಯವರೆಗೆ ಕೈ ಬಿಡುವು. ಏಪ್ರಿಲ್ ಅಥವಾ ಮೇ, ಸಂಜೆ ಏಳರ ಮೇಲೆ, ಟಿಕೆಟ್ ಐವತ್ತು ರೂಪಾಯಿ ಮೀರದಂತೆ. ಬೆಳಗ್ಗೆ ಅದೇ ಮ್ಯಾಟಿನ ಮೇಲೆ ಆಲೂರು, ಆಸ್ಪರಿ, ಕೌತಾಳಂ, ಸಿರುಗುಪ್ಪದ ಹುಡುಗರಿಗೆ ಬೂಟು ಕೊಟ್ಟು ಆಯ್ಕೆ ಪಂದ್ಯ ಆಡಿಸಲಿ, ಎರಡೂ ತಂಡಗಳ ಕೋಚ್‌ಗಳು ಬದಿಯಲ್ಲಿ ಕೂತು ನೋಡಲಿ.